ಬುಡ ಸಮೇತ ಕಿತ್ತು ಬಂದ ರಾಗಿ

ಹೋದ ವರ್ಷದ ಡಿಸೆಂಬರ್. ಹುಲಿಯೂರುದುರ್ಗದ ಹತ್ತಿರ ಎರಡೆಕರೆ ರಾಗಿ ಹೊಲಕ್ಕೆ ನಮ್ಮ ಗಾಡಿ, ಅಂದರೆ ಕೊಯ್ದು ಕಾಳು ಬಿಡಿಸುವ ಕಂಬೈನ್ ಹಾರ್ವೆಸ್ಟರ್, ಇಳಿಸಿದ್ದೆ. ಎರಡು ಸುತ್ತು ಹೊಡೆದಿದ್ದೆ ಅಷ್ಟೆ, ಆ ಮನೆಯ ಅಜ್ಜಿ ಬದುವಿನಿಂದ ಎದ್ದು ಬಂದು ಕೈ ಅಡ್ಡ ಹಿಡಿದರು. ಗಾಡಿ ಹಿಂದೆ ಬಿದ್ದಿದ್ದ ಹುಲ್ಲಿನಿಂದ ಒಂದು ಹಿಡಿ ಎತ್ತಿ ತೋರಿಸಿದರು. ಕಡ್ಡಿಯ ತುದಿಯಲ್ಲಿ ಬೇರು, ಬೇರಿನಲ್ಲಿ ಕೆಂಪು ಮಣ್ಣಿನ ಹೆಂಟೆ. "ಇದು ಕೊಯ್ದಿದ್ದೇನಪ್ಪಾ, ಕಿತ್ತಿದ್ದಾ?" ಅಂದರು.

ಇಂಜಿನ್ ಆಫ್ ಮಾಡಿ ಇಳಿದು ಮುಂದೆ ಹೋಗಿ ಪೈರು ಕತ್ತರಿಸುವ ಪಟ್ಟಿಯನ್ನು, ಅಂದರೆ ಕಟರ್ ಬಾರ್ ಅನ್ನು, ನೋಡಿದೆ. ಕಟರ್ ಬಾರ್‌ನ ಎಡಗಡೆ ಸಾಲಾಗಿ ಮೂರು ಬ್ಲೇಡುಗಳ ಮೂತಿ ಮುರಿದಿತ್ತು. ಇನ್ನೆರಡರಲ್ಲಿ ಹಲ್ಲೇ ಇರಲಿಲ್ಲ. ಮುಂದಕ್ಕೆ ಚಾಚಿರುವ ಮೊನೆಗಳಲ್ಲಿ ಒಂದು, ಅಂದರೆ ಒಂದು ಫಿಂಗರ್, ಕಲ್ಲಿಗೆ ತಾಗಿ ಮೇಲಕ್ಕೆ ಬಾಗಿತ್ತು. ಬೆಳಿಗ್ಗೆ ಇಂಜಿನ್ ಆಯಿಲ್ ನೋಡಿದ್ದೆ, ಏರ್ ಫಿಲ್ಟರ್ ಊದಿದ್ದೆ, ಬೆಲ್ಟು ಒತ್ತಿ ನೋಡಿದ್ದೆ. ಪೈರನ್ನು ಮೊದಲು ಮುಟ್ಟುವ ಭಾಗವನ್ನೇ ನೋಡಿರಲಿಲ್ಲ. ಅವತ್ತು ಆ ಹೊಲದಲ್ಲೇ ಎರಡು ಗಂಟೆ ಕೂತು ಬ್ಲೇಡು ಬದಲಾಯಿಸಿದೆ. ಆ ಎರಡು ಗಂಟೆಗೆ ಬಾಡಿಗೆ ಕೇಳಲಿಲ್ಲ.

ಕಾಳು ಹೋಯಿತು ಅಂದರೆ ಎಲ್ಲರೂ ಗಾಡಿಯ ಹಿಂದೆ ಹೋಗಿ ಹುಲ್ಲು ಕೊಡವಿ ನೋಡುತ್ತಾರೆ. ಜರಡಿ ಸರಿಯಿಲ್ಲ, ಗಾಳಿ ಜಾಸ್ತಿ ಆಯಿತು ಅನ್ನುತ್ತಾರೆ. ನಾನೂ ಎಷ್ಟೋ ಸಲ ಹಾಗೇ ಅಂದುಕೊಂಡಿದ್ದೆ. ಈಗ ನನಗೆ ಖಾತ್ರಿ ಆಗಿದೆ. ನಮ್ಮ ತುಮಕೂರು ಕಡೆಯ ರಾಗಿ ಹೊಲಗಳಲ್ಲಿ ಎಷ್ಟೋ ನಷ್ಟ ಗಾಡಿಯ ಮುಂದೇ, ಆ ಕತ್ತರಿಸುವ ಪಟ್ಟಿಯಲ್ಲೇ ಆಗುತ್ತದೆ. ಕಾಳೂ ಹೋಗುತ್ತದೆ, ಮೇವೂ ಕೆಡುತ್ತದೆ.

ಕುಡುಗೋಲಿನಲ್ಲಿ ರಾಗಿ ಕೊಯ್ದವರಿಗೆ ಇದು ಬೇಗ ಅರ್ಥ ಆಗುತ್ತದೆ. ಎಡಗೈ ಬುಡವನ್ನು ಬಿಗಿಯಾಗಿ ಹಿಡಿದಿರುತ್ತದೆ, ಬಲಗೈ ಕುಡುಗೋಲು ಎಳೆಯುತ್ತದೆ. ಎಡಗೈ ಹಿಡಿತ ಸಡಿಲ ಆದರೆ ಎಷ್ಟೇ ಹರಿತ ಇದ್ದರೂ ಕಡ್ಡಿ ಬಾಗುತ್ತದೆ, ಕೊಯ್ಯುವುದಿಲ್ಲ. ಗಾಡಿಯಲ್ಲಿ ಆ ಎಡಗೈ ಅಂದರೆ ಫಿಂಗರ್. ಮುಂದಕ್ಕೆ ಚಾಚಿರುವ ಮೊನೆಗಳು ಇವೆಯಲ್ಲ, ಅವು. ಅದರೊಳಗೆ ಕೂತಿರುವ ಸಣ್ಣ ಉಕ್ಕಿನ ತಗಡಿಗೆ ಲೆಡ್ಜರ್ ಪ್ಲೇಟ್ ಅನ್ನುತ್ತಾರೆ. ಬ್ಲೇಡು ಬಂದು ಕಡ್ಡಿಯನ್ನು ಆ ಪ್ಲೇಟಿನ ಅಂಚಿಗೆ ಒತ್ತಿದಾಗ ಕತ್ತರಿಯ ಹಾಗೆ ಕಚಕ್ಕನೆ ಕತ್ತರಿಸುತ್ತದೆ. ಕತ್ತರಿಯ ಒಂದು ಅಲಗು ಮಾತ್ರ ಹರಿತ ಇದ್ದು ಇನ್ನೊಂದು ಸಡಿಲ ಇದ್ದರೆ ಬಟ್ಟೆ ನಡುವೆ ಸಿಕ್ಕಿಕೊಂಡು ಮಡಚಿಕೊಳ್ಳುತ್ತದೆ, ಅಲ್ವಾ? ಹೊಲದಲ್ಲಿ ಬಟ್ಟೆಯ ಜಾಗದಲ್ಲಿ ರಾಗಿ ಕಡ್ಡಿ ಇರುತ್ತದೆ, ಗಾಡಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಹಾಗಾಗಿ ಮಡಚಿಕೊಂಡ ಕಡ್ಡಿ ಬುಡ ಸಮೇತ ಕಿತ್ತು ಬರುತ್ತದೆ. ಬೇರಿನ ಮಣ್ಣು ಕಾಳು ಬಿಡಿಸುವ ಡ್ರಮ್ಮಿಗೆ ಹೋಗಿ ಪುಡಿಯಾಗಿ ರಾಗಿಯ ಜೊತೆ ಟ್ಯಾಂಕಿಗೆ ಬೀಳುತ್ತದೆ. ಆಮೇಲೆ ಮುದ್ದೆಯಲ್ಲಿ ಹಲ್ಲಿಗೆ ಸಿಗುವ ಮರಳು ಅದೇ.

ಈ ಉಪಾಯ ಹೊಸದಲ್ಲ. ಅಮೆರಿಕದ ಓಬೆಡ್ ಹಸಿ 1833ರಲ್ಲಿ ಪೇಟೆಂಟ್ ಪಡೆದ ಕೊಯ್ಲು ಯಂತ್ರದಲ್ಲೇ ಸಾಲು ಬ್ಲೇಡುಗಳು ಫಿಂಗರ್‌ಗಳ ನಡುವೆ ಆಚೀಚೆ ಓಡಾಡುತ್ತಿದ್ದವು. ಕುದುರೆ ಹೋಗಿ ಇಂಜಿನ್ ಬಂದಿದೆ, ಕತ್ತರಿಸುವ ಲೆಕ್ಕ ಮಾತ್ರ ಹಾಗೇ ಇದೆ.

ಇದೇ ಕಟರ್ ಬಾರ್ ಗಂಗಾವತಿ ಕಡೆಯ ಗದ್ದೆಯಲ್ಲಿ ಪಡುವ ಕಷ್ಟವೇ ಬೇರೆ, ನಮ್ಮ ಹೊಲದಲ್ಲಿ ಪಡುವ ಕಷ್ಟವೇ ಬೇರೆ. ನಮಗೆ ಹುಲ್ಲು ಬೇಕು. ಕುಣಿಗಲ್, ತುರುವೇಕೆರೆ, ಗುಬ್ಬಿ ಕಡೆ ಮನೆಮನೆಯಲ್ಲೂ ಹಸು ಇದೆ, ಡೈರಿಗೆ ಹಾಲು ಹೋಗುತ್ತದೆ. ರಾಗಿ ಹುಲ್ಲಿನ ಮೆದೆ ನೋಡಿಕೊಂಡೇ ಬೇಸಿಗೆ ಕಳೆಯುವವರು ನಾವು. ಹಾಗಾಗಿ ರೈತರು ಗಾಡಿ ಇಳಿಸುವ ಮೊದಲೇ ಹೇಳುವ ಮಾತು ಒಂದೇ: "ಬುಡಕ್ಕೆ ಕೊಯ್ಯಪ್ಪ." ಅವರು ಕೇಳುವುದು ನ್ಯಾಯವೇ. ಒಂದು ಗೇಣು ಕೂಳೆ ಬಿಟ್ಟರೆ ಅಷ್ಟು ಮೇವು ಹೊಲದಲ್ಲೇ ಹೋಯಿತು. ಆದರೆ ನಮ್ಮದು ಕೆಂಪು ಮಣ್ಣು, ಬೆಣಚುಕಲ್ಲಿನ ನೆಲ. ಕಟರ್ ಬಾರ್ ನೆಲದಿಂದ ಎರಡಿಂಚು ಮೇಲೆ ಓಡುತ್ತಿದ್ದರೆ ಒಂದು ಮುಷ್ಟಿ ಗಾತ್ರದ ಕಲ್ಲು ಸಾಕು. ಕೋಲಾರದ ಕಡೆ ಮುಳಬಾಗಿಲು, ಶ್ರೀನಿವಾಸಪುರಕ್ಕೂ ಗಾಡಿ ತೆಗೆದುಕೊಂಡು ಹೋಗಿದ್ದೇನೆ. ಅಲ್ಲೂ ಇದೇ ಕಥೆ.

ನಮ್ಮ ಗಾಡಿಯದು 12 ಅಡಿ ಕಟರ್ ಬಾರ್. ಮೂರಿಂಚಿಗೆ ಒಂದು ಬ್ಲೇಡು. ಲೆಕ್ಕ ಹಾಕಿದರೆ 48ರ ಆಸುಪಾಸು. ಬ್ಲೇಡು ಒಂದು ಬೀಸಿಗೆ ಓಡುವುದೂ ಮೂರೇ ಇಂಚು, ಅಂದರೆ ಒಂದು ಫಿಂಗರ್‌ನಿಂದ ಪಕ್ಕದ ಫಿಂಗರ್‌ಗೆ. ನಿಮಿಷಕ್ಕೆ ಸಾವಿರದ ಹತ್ತಿರ ಬೀಸು. ಈಗ ಗಾಡಿ ಗಂಟೆಗೆ 3 ಕಿಲೋಮೀಟರ್ ಓಡಿದರೆ ನಿಮಿಷಕ್ಕೆ 50 ಮೀಟರ್, ಅಂದರೆ ಒಂದು ಬೀಸಿಗೆ ಗಾಡಿ 5 ಸೆಂಟಿಮೀಟರ್ ಮುಂದೆ ಹೋಗುತ್ತದೆ. ಬ್ಲೇಡಿನ ಹರಿತದ ಭಾಗವೂ ಸುಮಾರು ಅಷ್ಟೇ ಉದ್ದ. ಸರಿಹೋಗುತ್ತದೆ. ಅದೇ ಗಾಡಿಯನ್ನು 5 ಕಿಲೋಮೀಟರ್ ವೇಗದಲ್ಲಿ ಓಡಿಸಿದರೆ ಒಂದು ಬೀಸಿಗೆ 8 ಸೆಂಟಿಮೀಟರ್‌ಗಿಂತ ಜಾಸ್ತಿ ಮುಂದೆ ಹೋಗುತ್ತೀರಿ. ಬ್ಲೇಡು ಮುಟ್ಟದ ಜಾಗದ ಕಡ್ಡಿಗಳನ್ನು ಬಾರ್ ತಳ್ಳಿಕೊಂಡು ಹೋಗಿ, ಬಾಗಿಸಿ, ಮುಂದಿನ ಬೀಸಿನಲ್ಲಿ ಕತ್ತರಿಸಬೇಕು. ಬ್ಲೇಡು ಮೊಂಡಾಗಿದ್ದರೆ ಅಲ್ಲೇ ಕಿತ್ತು ಬರುವುದು ಶುರು. ಗಂಟೆ ಲೆಕ್ಕದ ಬಾಡಿಗೆ ಆದ್ದರಿಂದ ರೈತರು ಬೇಗ ಬೇಗ ಅನ್ನುತ್ತಾರೆ, ಅವರ ಕಷ್ಟವೂ ನನಗೆ ಗೊತ್ತು. ಆದರೆ ಉಳಿಸಿದ ಹತ್ತು ನಿಮಿಷದ ಬಾಡಿಗೆಗಿಂತ ನೆಲಕ್ಕೆ ಬಿದ್ದ ತೆನೆಯ ಬೆಲೆ ಜಾಸ್ತಿ ಆಗುತ್ತದೆ.

ಎಷ್ಟು ಜಾಸ್ತಿ ಅಂತ ನಾನೇ ನೋಡಿದ್ದೇನೆ. ಹೊಲದ ನಡುವೆ ಗಾಡಿ ನಿಲ್ಲಿಸಿ, ಅದರ ಉದ್ದದಷ್ಟು ಹಿಂದಕ್ಕೆ ತೆಗೆದುಕೊಳ್ಳಬೇಕು. ನಿಂತ ಪೈರಿಗೂ, ಗಾಡಿಯ ಹಿಂದಿನ ಹುಲ್ಲು ಬಿದ್ದ ಜಾಗಕ್ಕೂ ನಡುವೆ ಒಂದಿಷ್ಟು ನೆಲ ಸಿಗುತ್ತದೆ. ಅಲ್ಲಿ ಬಿದ್ದಿರುವುದು ಮುಂದಿನ ಭಾಗದಿಂದ ಉದುರಿದ್ದು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ ಗೆರೆ ಎಳೆದು ಬಿದ್ದ ತೆನೆ ಆರಿಸಿ, ಉಜ್ಜಿ, ತೂಗಬೇಕು. ಕೊಯ್ಯುವ ಮೊದಲೇ ಉದುರಿದ್ದನ್ನು ನಿಂತ ಪೈರಿನೊಳಗೆ ಇನ್ನೊಂದು ಚೌಕ ಎಳೆದು ನೋಡಿ ಕಳೆಯಬೇಕು. ಎಕರೆ ಅಂದರೆ 4,047 ಚದರ ಮೀಟರ್. ಚದರ ಮೀಟರಿಗೆ ಒಂದು ಗ್ರಾಂ ಹೋದರೆ ಎಕರೆಗೆ ನಾಲ್ಕು ಕೆ.ಜಿ. ಹೋಯಿತು. ಹತ್ತು ಗ್ರಾಂ ಅಂದರೆ ನಲವತ್ತು ಕೆ.ಜಿ. ಹತ್ತು ಗ್ರಾಂಗೆ ಎರಡು ಮೂರು ಒಳ್ಳೆ ತೆನೆ ಸಾಕು. 2024-25ರಲ್ಲಿ ರಾಗಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಎಕರೆಗೆ 1,700 ರೂಪಾಯಿ ಸುಮ್ನೆ ನೆಲದ ಮೇಲೆ ಬಿದ್ದಿರುತ್ತದೆ.

ಈಗ ನಾನು ಮಾಡುವ ಕೆಲಸ ಹೇಳುತ್ತೇನೆ. ಸೀಸನ್ ಶುರುವಾಗುವ ಮೊದಲು, ಅಂದರೆ ಅಕ್ಟೋಬರ್‌ನಲ್ಲಿ, ಬ್ಲೇಡಿನ ಪಟ್ಟಿಯನ್ನು ಪೂರ್ತಿ ಹೊರಗೆ ಎಳೆದು ಫಿಂಗರ್‌ಗಳನ್ನು ನೋಡುತ್ತೇನೆ. ಮೊದಲನೇ ಫಿಂಗರ್‌ನಿಂದ ಕೊನೇ ಫಿಂಗರ್‌ವರೆಗೆ ಒಂದು ನೈಲಾನ್ ದಾರ ಬಿಗಿಯಾಗಿ ಕಟ್ಟುವುದು. ಗಾರೆ ಕೆಲಸದವರು ಗೋಡೆಗೆ ಕಟ್ಟುವ ಹಾಗೆ. ದಾರ ಎಲ್ಲಾ ಲೆಡ್ಜರ್ ಪ್ಲೇಟುಗಳ ಮೇಲೂ ಒಂದೇ ಸಮ ಕೂರಬೇಕು. ಎಲ್ಲಿ ಮೇಲೆ ಎತ್ತುತ್ತದೋ, ಎಲ್ಲಿ ಬೆಳಕು ಕಾಣುತ್ತದೋ ಅಲ್ಲಿ ಫಿಂಗರ್ ಬಾಗಿದೆ. ಸ್ವಲ್ಪ ಬಾಗಿದ್ದರೆ ಉದ್ದದ ಪೈಪ್ ಹಾಕಿ ನಿಧಾನವಾಗಿ ಒತ್ತಿ ಸರಿ ಮಾಡಬಹುದು. ಕಾಯಿಸಬಾರದು. ಬಿರುಸು ಎರಕದ ಫಿಂಗರ್ ಆದರೆ ಒತ್ತಿದರೆ ಮುರಿಯುತ್ತದೆ, ಅದನ್ನು ಬದಲಾಯಿಸುವುದೇ ಸರಿ. ಪ್ಲೇಟಿನ ಅಂಚನ್ನು ಉಗುರಿನಿಂದ ಸವರಿ ನೋಡಿ. ದುಂಡಾಗಿದ್ದರೆ ಹೊಸ ಬ್ಲೇಡು ಹಾಕಿದರೂ ಪ್ರಯೋಜನ ಇಲ್ಲ. ಎಷ್ಟೋ ಜನ ಬ್ಲೇಡಿಗೆ ದುಡ್ಡು ಹಾಕುತ್ತಾರೆ, ಪ್ಲೇಟನ್ನು ಮರೆಯುತ್ತಾರೆ. ನಾನೂ ಮೂರು ವರ್ಷ ಹಾಗೇ ಮಾಡಿದೆ.

ಇನ್ನು ಸಂದು. ಬ್ಲೇಡಿನ ಮೂತಿ ಪ್ಲೇಟಿಗೆ ತಾಗಿಕೊಂಡೇ ಇರಬೇಕು, ಹಿಂದೆ ಮಾತ್ರ ಸ್ವಲ್ಪ ಸಂದು ಇರಬಹುದು. ಮೇಲಿಂದ ಒತ್ತಿ ಹಿಡಿಯುವ ಕ್ಲಿಪ್‌ಗಳು ಇವೆಯಲ್ಲ, ಅವಕ್ಕೂ ಬ್ಲೇಡಿಗೂ ನಡುವೆ ಅರ್ಧ ಮಿಲಿಮೀಟರ್ ಸಾಕು. ಅಳೆಯಲು ನಾನು ಹ್ಯಾಕ್ಸಾ ಬ್ಲೇಡ್ ಬಳಸುತ್ತೇನೆ, ಅದರ ದಪ್ಪ ಹತ್ತಿರ ಹತ್ತಿರ ಅಷ್ಟೇ. ಅದು ತೂರಲು ಕಷ್ಟಪಡಬೇಕು. ಸಲೀಸಾಗಿ ಒಳಗೆ ಹೋಗಿ ಅಲ್ಲಾಡಿದರೆ ಸಂದು ಜಾಸ್ತಿ. ಕ್ಲಿಪ್ಪಿಗೆ ಸುತ್ತಿಗೆಯಿಂದ ಒಂದು ಸಣ್ಣ ಏಟು, ಮತ್ತೆ ನೋಡು, ಮತ್ತೆ ಏಟು, ಹೀಗೆ. ಜಾಸ್ತಿ ಬಿಗಿ ಆದರೆ ಬ್ಲೇಡು ಬಿಸಿಯಾಗುತ್ತದೆ, ಪಟ್ಟಿಯ ತಲೆಯ, ಅಂದರೆ ಡ್ರೈವ್ ಕಡೆಯ ತುದಿಯ, ಬೇರಿಂಗ್ ಹೋಗುತ್ತದೆ. ಎಲ್ಲಾ ಆದ ಮೇಲೆ, ಡ್ರೈವ್‌ಗೆ ಜೋಡಿಸುವ ಮೊದಲು, ಪಟ್ಟಿಯನ್ನು ತಲೆಯ ಹತ್ತಿರ ಹಿಡಿದು ಕೈಯಲ್ಲೇ ಆಚೀಚೆ ಎಳೆದು ನೋಡಬೇಕು. ಎಲ್ಲೂ ಹಿಡಿಯದೆ, ಗಡಗಡ ಅನ್ನದೆ ಜಾರಬೇಕು.

ಜೋಡಿಸಿದ ಮೇಲೆ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ಬೀಸಿನ ಎರಡೂ ಕೊನೆ ನೋಡಬೇಕು. ಕೊನೆಯಲ್ಲಿ ಬ್ಲೇಡಿನ ನಡು ಫಿಂಗರ್‌ನ ನಡುವಿಗೆ ಬಂದು ನಿಲ್ಲಬೇಕು. ಒಂದೆರಡು ಮಿಲಿಮೀಟರ್ ಆಚೀಚೆ ಪರವಾಗಿಲ್ಲ. ಐದಾರು ಮಿಲಿಮೀಟರ್ ತಪ್ಪಿದರೆ ಒಂದು ಕಡೆ ಪೂರ್ತಿ ಕತ್ತರಿಸುತ್ತದೆ, ಇನ್ನೊಂದು ಕಡೆ ಅರ್ಧಕ್ಕೆ ಬಿಡುತ್ತದೆ. ಕೂಳೆ ಒಂದು ಸಾಲು ಗಿಡ್ಡ, ಒಂದು ಸಾಲು ಎತ್ತರ ಕಂಡರೆ ನಾನು ಮೊದಲು ನೋಡುವ ಜಾಗ ಇದೇ. ಪಿಟ್‌ಮನ್ (ಪುಲ್ಲಿಯಿಂದ ಪಟ್ಟಿಗೆ ಓಟ ಕೊಡುವ ಸಲಾಕೆ) ಉದ್ದ ಹೊಂದಿಸಿದರೆ ಸರಿಹೋಗುತ್ತದೆ.

ಬ್ಲೇಡು ಬದಲಾಯಿಸುವಾಗ ಗ್ಯಾಸ್ ಕಟ್ಟರ್ ಹತ್ತಿರಕ್ಕೂ ತರಬೇಡಿ. ಇದನ್ನು ನಾನು ತುಂಬಾ ಬೇಡಿಕೊಂಡು ಹೇಳುತ್ತಿದ್ದೇನೆ. ಬ್ಲೇಡಿನ ಅಂಚಿಗೆ ಹದ ಕೊಟ್ಟು ಗಟ್ಟಿ ಮಾಡಿರುತ್ತಾರೆ, ನಡುವನ್ನು ಮೆತ್ತಗೆ ಬಿಟ್ಟಿರುತ್ತಾರೆ, ಕಲ್ಲಿಗೆ ಬಡಿದಾಗ ಚೂರಾಗದಿರಲಿ ಅಂತ. ಬೆಂಕಿ ತೋರಿಸಿದರೆ ಪಕ್ಕದ ಬ್ಲೇಡಿನ ಹದವೂ ಹೋಗುತ್ತದೆ. ಊರಿನ ಕುಲುಮೆಯಲ್ಲಿ ಕುಡುಗೋಲು ಮಾಡಿಸಿದವರಿಗೆ ಹದ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಪಟ್ಟಿಯನ್ನು ವೈಸ್ ಮೇಲೆ ಆನಿಸಿ, ಬ್ಲೇಡಿನ ಹಿಂಬದಿ ಅಂಚಿಗೆ ಸುತ್ತಿಗೆಯಿಂದ ನೇರ ಏಟು ಹಾಕಿದರೆ ರಿವೆಟ್ ಕತ್ತರಿಸಿಕೊಂಡು ಬ್ಲೇಡು ಬರುತ್ತದೆ. ಏಟು ಬ್ಲೇಡಿಗೆ ಬೀಳಬೇಕು, ಪಟ್ಟಿಗೆ ಬೀಳಬಾರದು. ಪಟ್ಟಿ ಬಾಗಿದರೆ ಇಷ್ಟು ಹೊತ್ತು ಹೇಳಿದ್ದೆಲ್ಲಾ ವ್ಯರ್ಥ.

ಹಲ್ಲಿರುವ ಬ್ಲೇಡನ್ನು ಮಸೆಯಲು ಹೋಗಬಾರದು. ಹಲ್ಲು ಕುಡುಗೋಲನ್ನು ಯಾರಾದರೂ ಕಲ್ಲಿಗೆ ಉಜ್ಜುತ್ತಾರಾ? ಇದೂ ಹಾಗೇ. ಹಲ್ಲು ಸವೆದರೆ ಬದಲಾಯಿಸಬೇಕು. ರಾಗಿಗೆ ಹಲ್ಲಿನ ಬ್ಲೇಡೇ ಒಳ್ಳೆಯದು ಅನ್ನುವುದು ನನ್ನ ಅನುಭವ. ತೆನೆ ಒಣಗಿದ್ದರೂ ರಾಗಿ ಕಡ್ಡಿ ಇನ್ನೂ ಹಸಿಯಾಗಿ, ಚಪ್ಪಟೆಯಾಗಿ, ನಾರು ನಾರಾಗಿ ಇರುತ್ತದೆ. ನುಣುಪು ಬ್ಲೇಡಿನ ಮೇಲೆ ಅದು ಜಾರುತ್ತದೆ.

ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಬ್ಲೇಡು ಸಿಕ್ಕಿತು ಅಂತ ಪೂರ್ತಿ ಸೆಟ್ ತಂದೆ. ನಾಲ್ಕೇ ದಿನಕ್ಕೆ ಅಂಚು ಮಡಚಿಕೊಂಡಿತು. ಅವತ್ತಿನಿಂದ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಅರ ಇರುತ್ತದೆ. ಬ್ಲೇಡಿನ ಅಂಚಿನ ಮೇಲೆ ಅರ ಎಳೆದರೆ ಅದು ಗಾಜಿನ ಮೇಲೆ ಎಳೆದ ಹಾಗೆ ಜಾರಬೇಕು. ಕಚ್ಚಿಕೊಂಡು ಪುಡಿ ಉದುರಿದರೆ ಆ ಬ್ಲೇಡು ಬೇಡ.

ಎಣ್ಣೆಯ ವಿಷಯದಲ್ಲಿ ನಮ್ಮಲ್ಲೇ ಎರಡು ಮಾತು ಇದೆ. ಕೆಲವರು ಗಂಟೆಗೊಮ್ಮೆ ಬ್ಲೇಡಿಗೆ ಸುಟ್ಟ ಆಯಿಲ್ ಸುರಿಯುತ್ತಾರೆ. ಗದ್ದೆಯಲ್ಲಿ ಸರಿ ಇರಬಹುದು. ಒಣ ಕೆಂಪು ಮಣ್ಣಿನ ಧೂಳಿನಲ್ಲಿ ಅದು ತಪ್ಪು ಅಂತ ನಾನು ಹೇಳುತ್ತೇನೆ. ಎಣ್ಣೆಗೆ ಧೂಳು ಅಂಟಿ ಉಪ್ಪು ಕಾಗದದ ಹಾಗೆ ಬ್ಲೇಡನ್ನೂ ಪ್ಲೇಟನ್ನೂ ತೇಯುತ್ತದೆ. ತಲೆಯ ಬೇರಿಂಗಿಗೆ ಗ್ರೀಸ್ ದಿನಾ ಬೇಕು. ಬ್ಲೇಡಿಗೆ ಮಾತ್ರ ಸಂಜೆ ಕೆಲಸ ಮುಗಿದ ಮೇಲೆ, ಬ್ರಷ್‌ನಲ್ಲಿ ಮಣ್ಣು ಕೆರೆದು, ತೆಳ್ಳಗೆ ಡೀಸೆಲ್ ಸವರಿದರೆ ಸಾಕು. ಇಬ್ಬನಿಗೆ ತುಕ್ಕು ಹಿಡಿಯುವುದಿಲ್ಲ.

ನಾನು ಹೊಸದಾಗಿ ಮಾಡಿಸಿದ ಕೆಲಸಗಳಲ್ಲಿ ಮೂರು ನಿಜವಾಗಿಯೂ ಉಪಯೋಗಕ್ಕೆ ಬಂದವು. ಅಂತರಸನಹಳ್ಳಿಯ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕಟರ್ ಬಾರ್ ಅಡಿಗೆ ಜಾರುವ ಪಾದಗಳನ್ನು ಮಾಡಿಸಿದೆ. ಬೋಲ್ಟ್ ಬದಲಾಯಿಸಿ ಎರಡು, ಮೂರು, ನಾಲ್ಕು ಇಂಚಿಗೆ ಹೊಂದಿಸಬಹುದು. ನೆಲ ಏರಿಳಿತ ಇದ್ದರೂ ಫಿಂಗರ್ ಮಣ್ಣಿಗೆ ಚುಚ್ಚುವುದು ತಪ್ಪಿತು. ಎರಡನೆಯದು, ಪೈರನ್ನು ಬ್ಲೇಡಿನ ಕಡೆ ತಳ್ಳುವ ರೀಲಿನ ಹಲಗೆಗಳಿಗೆ ಹಳೆ ಕನ್ವೇಯರ್ ಬೆಲ್ಟಿನ ಪಟ್ಟಿ ಕಟ್ಟಿದ್ದು. ಮಳೆ ಕೈಕೊಟ್ಟ ವರ್ಷ ರಾಗಿ ಮೊಣಕಾಲುದ್ದವೂ ಬರುವುದಿಲ್ಲ. ಕೊಯ್ದ ತೆನೆ ಒಳಗೆ ಸೆಳೆಯುವ ಸುರುಳಿಗೆ, ಅಂದರೆ ಆಗರ್‌ಗೆ ಹೋಗದೆ ಬ್ಲೇಡಿನ ಮೇಲೇ ಕೂತು ಮತ್ತೆ ಮತ್ತೆ ಕತ್ತರಿಸಿಕೊಂಡು ಮುಂದಕ್ಕೆ ಉದುರುತ್ತದೆ. ರಬ್ಬರ್ ಪಟ್ಟಿ ಅದನ್ನು ಕಸ ಗುಡಿಸಿದ ಹಾಗೆ ಒಳಗೆ ತಳ್ಳುತ್ತದೆ. ರೀಲ್ ಮಾತ್ರ ಗಾಡಿಯ ಓಟಕ್ಕಿಂತ ಸ್ವಲ್ಪವೇ ಜಾಸ್ತಿ ತಿರುಗಬೇಕು, ಇಲ್ಲದಿದ್ದರೆ ಅದೇ ತೆನೆಯನ್ನು ಬಡಿದು ಉದುರಿಸುತ್ತದೆ. ಮೂರನೆಯದು ಮಾರ್ಕೋನಹಳ್ಳಿ ಡ್ಯಾಮಿನ ಕೆಳಗಿನ ಗದ್ದೆಗಳಿಗಾಗಿ ಮಾಡಿಸಿದ್ದು. ಅಲ್ಲಿ ಗಾಳಿ ಮಳೆಗೆ ಭತ್ತ ಚಾಪೆ ಹಾಸಿದ ಹಾಗೆ ಮಲಗುತ್ತದೆ. ನಾಲ್ಕು ಫಿಂಗರಿಗೆ ಒಂದರಂತೆ ಪೈರು ಎತ್ತುವ ಉದ್ದ ಮೊನೆಗಳನ್ನು ಹಾಕಿಸಿದೆ. ಮಲಗಿದ ಪೈರನ್ನು ಅವು ಎತ್ತಿ ಹಿಡಿಯುತ್ತವೆ, ಬ್ಲೇಡು ಅಡಿಯಿಂದ ಕೊಯ್ಯುತ್ತದೆ. ಕಲ್ಲಿನ ಹೊಲಕ್ಕೆ ಹೋಗುವಾಗ ಬಿಚ್ಚಿಡುತ್ತೇನೆ.

ಅಕ್ಕಡಿ ಸಾಲಿನ ಬಗ್ಗೆ ಹೇಳದೆ ಇರಲಾರೆ. ನಮ್ಮ ತಂದೆಯ ಕಾಲದಲ್ಲಿ ರಾಗಿ ಹೊಲ ಅಂದರೆ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಇರಲೇಬೇಕು. ಮನೆಗೆ ಬೇಕಾದ ಬೇಳೆ ಅದೇ ಹೊಲದಿಂದ ಬರುತ್ತಿತ್ತು. ಗಾಡಿ ಬಂದ ಮೇಲೆ ಅಕ್ಕಡಿ ಕಡಿಮೆ ಆಯಿತು. ಯಾಕೆಂದರೆ ಬಲಿತ ತೊಗರಿ ಕಡ್ಡಿ ಕಟ್ಟಿಗೆಯ ಹಾಗೆ, ಫಿಂಗರ್ ನಡುವೆ ಸಿಕ್ಕರೆ ಬ್ಲೇಡಿನ ಮೂತಿ ಹಾರುತ್ತದೆ. ಅದಕ್ಕೆ ಕೆಲವು ಚಾಲಕರು "ಅಕ್ಕಡಿ ಇದ್ದರೆ ಬರಲ್ಲ" ಅಂದುಬಿಡುತ್ತಾರೆ. ನನಗೆ ಇದು ನೋವಾಗುತ್ತದೆ. ಹೊಲದ ಉದ್ದಕ್ಕೆ ನೇರ ಸಾಲಾಗಿ, ಕಟರ್ ಬಾರ್ ಅಗಲ ಬಿಟ್ಟು ತೊಗರಿ ಹಾಕಿದರೆ ಗಾಡಿ ನಡುವೆ ಆರಾಮಾಗಿ ಹೋಗುತ್ತದೆ. ನನ್ನ 12 ಅಡಿ ಗಾಡಿಗೆ ಸಾಲಿನಿಂದ ಸಾಲಿಗೆ 14 ಅಡಿ ಬಿಟ್ಟರೆ ಸಾಕು. ಸಾಲಿನ ಪಕ್ಕ ಉಳಿದ ರಾಗಿಯನ್ನು ಕುಡುಗೋಲಿನಲ್ಲಿ ಕೊಯ್ದುಕೊಳ್ಳಬಹುದು. ಬಿತ್ತುವ ಮೊದಲೇ ಗಾಡಿಯವರಿಗೆ ಒಂದು ಮಾತು ಕೇಳಿ. ನನ್ನನ್ನು ಕೇಳಿದ ಇಬ್ಬರು ಈ ಸಲ ಹಾಗೇ ಬಿತ್ತಿದ್ದಾರೆ.

ಇನ್ನೊಂದು ವಿಷಯ. ಕಟರ್ ಬಾರ್‌ಗೆ ಕೈ ಹಾಕುವ ಮೊದಲು ಇಂಜಿನ್ ಆಫ್ ಆಗಿರಬೇಕು, ಕೀ ನಿಮ್ಮ ಜೇಬಿನಲ್ಲಿ ಇರಬೇಕು. ಸೀಟಿನಲ್ಲಿ ಕೂತವನ ಕೈಯಲ್ಲಿ ಅಲ್ಲ. ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ಬ್ಲೇಡು ಸಿಕ್ಕಿಕೊಂಡಿದೆ ಅಂತ ಹುಲ್ಲು ಎಳೆಯಲು ಹೋದ. ಇಂಜಿನ್ ನಿಂತಿತ್ತು. ಇನ್ನೊಬ್ಬ ಆ ಕಡೆಯಿಂದ ಪುಲ್ಲಿ ತಿರುಗಿಸಿದ, ಬಿಡಿಸಲು ಸಹಾಯ ಆಗಲಿ ಅಂತ. ಮೂರೇ ಇಂಚು ಓಡಿದ್ದು. ಎರಡು ಬೆರಳಿನ ತುದಿ ಹೋಯಿತು. ಆಮೇಲಿನಿಂದ ನಮ್ಮ ಗಾಡಿಯಲ್ಲಿ ಒಂದು ನಿಯಮ. ಬ್ಲೇಡಿನ ಹತ್ತಿರ ಒಬ್ಬರು ಇದ್ದರೆ ಪುಲ್ಲಿಯ ಹತ್ತಿರ ಯಾರೂ ಇರಬಾರದು. ಹುಲ್ಲು ತೆಗೆಯುವುದು ಮರದ ತುಂಡಿನಿಂದ, ಕೈಯಿಂದ ಅಲ್ಲ. ರೀಲ್ ಎತ್ತಿದ್ದರೆ ಅದರ ಕಬ್ಬಿಣದ ಲಾಕ್ ಹಾಕಿಯೇ ಕೆಳಗೆ ಬಗ್ಗಬೇಕು.

ಸೀಸನ್ ಮುಗಿದ ಮೇಲೆ ಬ್ಲೇಡಿನ ಪಟ್ಟಿಯನ್ನು ಗಾಡಿಯಲ್ಲೇ ಬಿಡಬೇಡಿ. ಹೊರಗೆ ತೆಗೆದು, ಒರೆಸಿ, ಆಯಿಲ್ ಸವರಿ, ನೇರವಾದ ಮರದ ಹಲಗೆಗೆ ಮೂರು ನಾಲ್ಕು ಕಡೆ ಕಟ್ಟಿ ಶೆಡ್ಡಿನ ಗೋಡೆಗೆ ಅಡ್ಡಲಾಗಿ ಹಾಕಿ. ಮೂಲೆಗೆ ಒರಗಿಸಿ ನಿಲ್ಲಿಸಿದರೆ ಆರು ತಿಂಗಳಲ್ಲಿ ತನ್ನ ಭಾರಕ್ಕೇ ಬಾಗುತ್ತದೆ. ಮಕ್ಕಳು ಓಡಾಡುವ ಜಾಗದಲ್ಲಿ ಬೇಡ.

ರೈತರಿಗೂ ಒಂದು ಕೋರಿಕೆ ಇದೆ. ಬುಡಕ್ಕೆ ಕೊಯ್ಯಬೇಕು ಅಂದರೆ ಖಂಡಿತ ಕೊಯ್ಯೋಣ. ಗಾಡಿ ಬರುವ ಹಿಂದಿನ ದಿನ ಹೊಲದೊಳಗೆ ಒಂದು ಸುತ್ತು ನಡೆದು ಕೈಗೆ ಸಿಕ್ಕ ಕಲ್ಲು ಬದುವಿಗೆ ಹಾಕಿ. ಎತ್ತಲಾಗದ ಬಂಡೆ ಇದ್ದರೆ, ಮೊಳಕೆ ಬಂದ ಹಳೆ ಮರದ ಬುಡ ಇದ್ದರೆ, ಬೋರ್‌ವೆಲ್ ಪೈಪ್ ಇದ್ದರೆ, ಅಲ್ಲಿ ಪೈರಿಗಿಂತ ಎತ್ತರದ ಒಂದು ಕೋಲು ನೆಟ್ಟು ಬಿಳಿ ಬಟ್ಟೆ ಕಟ್ಟಿ. ರಾತ್ರಿ ಲೈಟಿನಲ್ಲಿ ಕೊಯ್ಯುವಾಗಲೂ ಅದು ನನಗೆ ಕಾಣುತ್ತದೆ. ಹುಲಿಯೂರುದುರ್ಗದ ಆ ಅಜ್ಜಿ ಈ ವರ್ಷ ನಾನು ಹೋಗುವ ಮೊದಲೇ ಹೊಲದಲ್ಲಿ ನಾಲ್ಕು ಕೋಲು ನೆಡಿಸಿದ್ದರು, ಒಂದೊಂದಕ್ಕೂ ಹಳೆ ಪಂಚೆಯ ತುಂಡು ಕಟ್ಟಿಸಿದ್ದರು.